ಕಿವಿಗಂಟಿನ ಸೊಪ್ಪು

ನನ್ನ ಹೆಂಡತಿ ಸೊಪ್ಪಿನ ಕಟ್ಟಿಗೆ ಹಾಕುತ್ತಿದ್ದ ಗಂಟು ಆ ಮಾರುಕಟ್ಟೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಒಣಗಿದ ಬಾಳೆನಾರನ್ನು ನೀರಿನಲ್ಲಿ ನೆನೆಸಿ, ಕಟ್ಟಿನ ಸೊಂಟಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಹಿಂದಕ್ಕೆ ಮಡಚಿ ಸುತ್ತಿನೊಳಗೆ ತೂರಿಸಿ ಎಳೆದರೆ ಒಂದು ಪುಟ್ಟ ಕಿವಿ ಹೊರಗೆ ನಿಲ್ಲುತ್ತಿತ್ತು. ಆ ಕಿವಿ ಹಿಡಿದು ಎಳೆದರೆ ಸಾಕು, ಗಂಟು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಬೇರೆಯವರ ಕಟ್ಟು ಬಿಚ್ಚಲು ಚಾಕು ಬೇಕು, ಇಲ್ಲವೇ ಹಲ್ಲು ಬೇಕು. ಬೆರಳು ಸೊಟ್ಟಗಾದ ಮುದುಕಿಯರೆಲ್ಲ ಇವಳ ಬುಟ್ಟಿಗೇ ಬಂದು ಕೂರುತ್ತಿದ್ದದ್ದು ಅದಕ್ಕೆ.

"ನಿನ್ನ ಸೊಪ್ಪಿಗೇನು ಜೇನು ಸುರಿದಿದೀಯಾ? ಗಂಟಿಗೋಸ್ಕರ ಬರ್ತೀವಿ ಕಣೇ" ಎಂದು ಅವರು ರೇಗಿಸುವುದು, "ಹಾಗಾದ್ರೆ ಸೊಪ್ಪು ಬಿಟ್ಟು ಗಂಟನ್ನೇ ಬೇಯಿಸ್ಕೊಂಡು ತಿನ್ನಿ" ಎಂದು ಇವಳು ಹೇಳುವುದು, ದಿನಾ ಇದ್ದದ್ದೇ.

ಈ ಗಂಟು ಇವಳಿಗೆ ಇವಳ ತಾಯಿಯಿಂದ ಬಂದದ್ದು. ಇವಳಿಂದ ನಮ್ಮ ಮಗಳಿಗೆ ಹೋಯಿತು. ನನಗೆ ಹೇಳಿಕೊಡಲು ಒಮ್ಮೆ ಕೂರಿಸಿಕೊಂಡಿದ್ದಳು. ಗಂಟು ಹಾಕುವ ಹೊತ್ತಿಗೆ ಸೊಪ್ಪೇ ಬಾಡಿತು. "ನೀವು ಗುದ್ದಲಿ ಹಿಡ್ಕೊಳ್ಳಿ, ಅದೇ ಚೆಂದ" ಎಂದು ಎಬ್ಬಿಸಿ ಕಳಿಸಿದಳು.

ಕಾಲುವೆ ದಂಡೆಗೆ ಅಂಟಿಕೊಂಡ ತುಂಡು ನೆಲಗಳಲ್ಲಿ ನಾವು ಕೆಲವೇ ಮನೆಯವರು ಸೊಪ್ಪು ಬೆಳೆಯುತ್ತಿದ್ದೆವು. ದಂಟು, ಗಣಿಕೆ, ಹೊನಗನ್ನೆ, ಬಸಳೆ. ಪೇಟೆಯ ದೊಡ್ಡ ತೋಟದವರು ಮುಟ್ಟದ, ಬೀಜದ ಅಂಗಡಿಯಲ್ಲಿ ಸಿಗದ ಸೊಪ್ಪುಗಳು. ಇವನ್ನೆಲ್ಲ ಬೆರೆಸಿ ಕಟ್ಟಿದ ಬೆರಕೆ ಸೊಪ್ಪಿಗೆ ಗಿರಾಕಿ ಹೆಚ್ಚು. ಬೆರಕೆ ಸೊಪ್ಪು ಕಟ್ಟುವುದಕ್ಕೆ ಕಣ್ಣು ಬೇಕು. ನಮ್ಮ ಮನೆಯಲ್ಲಿ ಕುಡಗೋಲು ಹಾಕುವ ಪದ್ಧತಿಯೇ ಇರಲಿಲ್ಲ. ಒಂದೊಂದು ಕುಡಿಯನ್ನೂ ಹೆಬ್ಬೆರಳು ತೋರುಬೆರಳ ನಡುವೆ ಚಿವುಟಿ ಮಡಿಲಿಗೆ ಹಾಕಿಕೊಳ್ಳಬೇಕು. ಹಾಗೆ ಚಿವುಟಿದಾಗ ಪ್ರತಿ ಎಲೆಯೂ ಕಣ್ಣ ಮುಂದೆ ಹಾದುಹೋಗುತ್ತದೆ. ನನ್ನ ಹೆಂಡತಿಯ ಉಗುರುಗಳು ಹಸಿರಾಗಿ, ಅಂಚು ಕಪ್ಪಾಗಿ ಹೋಗಿದ್ದವು. ಸೋಪಿಗೂ ಹೋಗುತ್ತಿರಲಿಲ್ಲ.

ಮಗಳನ್ನು ಕೊಟ್ಟದ್ದು ದೂರಕ್ಕಲ್ಲ. ಕಾಲುವೆಯ ಅದೇ ದಂಡೆ, ಬಾಗು ತಿರುಗಿದರೆ ಅವರ ಪಾತಿಗಳು. ಅಳಿಯ ಒಳ್ಳೆಯವನು, ಮಾತು ಕಡಿಮೆ. ಬೀಗಿತಿಗೆ ಎಲ್ಲದಕ್ಕೂ ಆತುರ. ಅನ್ನ ಬೇಯುವ ಮುಂಚೆ ಬಸಿಯುವವಳು. ದಂಡೆಯವರೆಲ್ಲ ಅವಳನ್ನು ಬೆನ್ನ ಹಿಂದೆ ದುಡುಕಮ್ಮ ಎನ್ನುತ್ತಿದ್ದರು. ಮುಂದೆಯೂ ಒಂದೆರಡು ಸಲ ಬಾಯಿ ತಪ್ಪಿ ಅಂದದ್ದುಂಟು. ಅವಳ ಮನೆಯಲ್ಲಿ ಕುಡಗೋಲೇ. ಒಂದು ಹಿಡಿ, ಒಂದು ಎಳೆತ, ಮುಗಿಯಿತು. "ಒಂದೊಂದೇ ಚಿವುಟ್ತಾ ಕೂತ್ರೆ ನಮ್ಮ ಸೊಪ್ಪು ಮಾರುಕಟ್ಟೆಗೆ ಮುಟ್ಟೋದು ಬೀಜ ಆದಮೇಲೆ" ಎಂದು ಮಗಳಿಗೆ ಮೊದಲ ವಾರವೇ ಹೇಳಿದಳಂತೆ. ಮಗಳು ಕುಡಗೋಲು ಹಿಡಿದಳು. ಆದರೆ ಗಂಟನ್ನು ಮಾತ್ರ ಬಿಡಲಿಲ್ಲ. ಬಸುರಿ ಹುಡುಗಿ, ಕೂತು ಮಾಡುವ ಕೆಲಸ ಎಂದು ಕಟ್ಟುವ ಕೆಲಸ ಅವಳಿಗೇ ಬಿತ್ತು. ದುಡುಕಮ್ಮನ ಬುಟ್ಟಿಯಲ್ಲೂ ಕಿವಿಗಂಟು ಕಾಣಿಸಿಕೊಂಡಿತು. ಅದು ಶುರುವಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ಗಿರಾಕಿಗಳಿಗೂ ಪಕ್ಕದ ಬುಟ್ಟಿಯವರಿಗೂ ಅದರ ಸುದ್ದಿ ಇರಲಿಲ್ಲ.

"ನಿಮ್ಮ ಮಗಳು ತವರಿಂದ ತಂದ ಗಂಟು ಇದೊಂದೇ ನೋಡಿ ಬೀಗರೇ" ಎಂದು ದುಡುಕಮ್ಮ ನನ್ನ ಹೆಂಡತಿಯ ಮುಂದೆ ಒಂದು ಕಟ್ಟನ್ನು ಕುಣಿಸಿ ತೋರಿಸಿದಳು.

"ಅದನ್ನಾದ್ರೂ ಜೋಪಾನವಾಗಿಟ್ಕೊಳ್ಳಿ" ಎಂದಳು ಇವಳು. ಇಬ್ಬರೂ ನಕ್ಕರು. ಮನೆಗೆ ಬಂದ ಮೇಲೂ ಇವಳ ಮುಖದಲ್ಲಿ ಆ ನಗು ಇತ್ತು.

ಆ ಸಲದ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಸುದ್ದಿ. ಹಿಂಬದಿಯ ಬೀದಿಯ ದರ್ಜಿಯ ಮನೆಯಲ್ಲಿ ಎಲ್ಲರೂ ಆಸ್ಪತ್ರೆ ಸೇರಿದ್ದಾರೆ. ದರ್ಜಿ, ಅವನ ಹೆಂಡತಿ, ಮುದಿ ತಾಯಿ. ಬಾಯಿ ಒಣಗಿ, ಮುಖ ಕೆಂಪಾಗಿ, ಕಣ್ಣಗುಡ್ಡೆಯ ಕಪ್ಪು ಅಗಲವಾಗಿ, ಇಲ್ಲದವರ ಜೊತೆ ಮಾತಾಡುತ್ತಿದ್ದರಂತೆ. ತಿಂದದ್ದು ಸೊಪ್ಪು. ಸೊಪ್ಪಿನಲ್ಲಿ ದತ್ತೂರಿ ಇತ್ತೆಂದು ಡಾಕ್ಟರು ಹೇಳಿದರಂತೆ. ಗಂಡ ಹೆಂಡತಿ ಚೇತರಿಸಿಕೊಂಡರು. ಮುದುಕಿ ಚೇತರಿಸಿಕೊಳ್ಳಲಿಲ್ಲ. ಸಾಯುವವರೆಗೂ ಗಾಳಿಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳಂತೆ. ಮಗನ ಅಂಗಡಿಯಲ್ಲಿ ಕೂತು ಗುಂಡಿ ಹಾಕುತ್ತಿದ್ದವಳಲ್ಲವೇ, ಕೈ ಅದನ್ನೇ ಮಾಡುತ್ತಿತ್ತು.

ಆ ಮುದುಕಿ ನಮ್ಮ ಗಿರಾಕಿ. ಕಿವಿಗಂಟು ಇಲ್ಲದ ಕಟ್ಟನ್ನು ಮುಟ್ಟುತ್ತಿರಲಿಲ್ಲ.

ದತ್ತೂರಿಯ ಮುಳ್ಳುಕಾಯಿ, ಬಿಳೀ ಕಹಳೆ ಹೂವು ಯಾರಿಗೆ ಗೊತ್ತಿಲ್ಲ. ಆದರೆ ಎಳೆ ಸಸಿ ಬೇರೆ ಮಾತು. ಗಣಿಕೆಯ ಪಾತಿಯಲ್ಲಿ ಎದ್ದರೆ ಗಣಿಕೆಯ ದೊಡ್ಡಣ್ಣನ ಹಾಗೆ ಕಾಣುತ್ತದೆ. ಚಿವುಟಿದರೆ ಒಂದು ಹಳಸಲು ವಾಸನೆ ಬೆರಳಿಗೆ ಹತ್ತುತ್ತದೆ, ಆಗ ತಿಳಿಯುತ್ತದೆ. ಕುಡಗೋಲಿಗೆ ಮೂಗಿಲ್ಲ.

ಸುದ್ದಿ ಹಬ್ಬಿದ ದಿನದಿಂದ ಸೊಪ್ಪಿನ ಸಾಲಿಗೆ ಒಬ್ಬರೂ ಬರಲಿಲ್ಲ. ತಂದದ್ದು ತಂದ ಹಾಗೇ ಬಾಡಿತು. ಪಕ್ಕದ ಈರುಳ್ಳಿಯವನು ತನ್ನ ಗೋಣಿಯನ್ನು ಎಳೆದುಕೊಂಡು ದೂರ ಕೂತ. "ನಿಮ್ಮ ಹತ್ರ ಕೂತ್ರೆ ನನ್ನ ಈರುಳ್ಳಿಗೂ ಹುಚ್ಚು ಹಿಡಿಯುತ್ತೆ ಮಾರಾಯ್ರೇ" ಎಂದ. ಹಾಸ್ಯಕ್ಕೆ ಅಂದದ್ದೇ, ಆದರೆ ಗೋಣಿಯನ್ನು ಹಿಂದಕ್ಕೆ ತರಲಿಲ್ಲ.

ಹೀಗಿರುವಾಗ ದರ್ಜಿ ಬಂದ. ಮಾರುಕಟ್ಟೆಯ ಮೇಸ್ತ್ರಿ ಅವನನ್ನು ಕರೆದುಕೊಂಡು ಬಂದ. ಸೈಕಲ್ಲಿನಿಂದ ಹೊರೆ ಇಳಿಸುತ್ತಿದ್ದ ನಾನು ಅಲ್ಲೇ ನಿಂತೆ. ದರ್ಜಿಯ ಕೈಯಲ್ಲಿ ಒದ್ದೆ ಬಟ್ಟೆಯ ಒಂದು ಸುರುಳಿ. ಮುದುಕಿ ಎರಡು ಕಟ್ಟು ತಂದು ಒಂದನ್ನು ಮಾತ್ರ ಬೇಯಿಸಿದ್ದಳು. ಇನ್ನೊಂದನ್ನು ಬಟ್ಟೆ ಸುತ್ತಿ ನೀರಿನ ಕೊಡದ ಪಕ್ಕದಲ್ಲಿ ಇಟ್ಟಿದ್ದಳು. ಅದು ಹಾಗೇ ಉಳಿದಿತ್ತು.

ಮೇಸ್ತ್ರಿ ಅದನ್ನು ಬಿಚ್ಚಿ ಎಲ್ಲರಿಗೂ ಕಾಣುವ ಹಾಗೆ ಹಿಡಿದ. "ನೋಡ್ರಮ್ಮ. ಇದು ಯಾರದು ಅಂತ ಹೇಳಿದ್ರೆ ಉಳಿದವರು ನೆಮ್ಮದಿಯಾಗಿ ವ್ಯಾಪಾರ ಮಾಡ್ಕೊಳ್ಳಿ. ಬಾಯಿಬಿಡದಿದ್ರೆ ನಾಳೆಯಿಂದ ಸೊಪ್ಪಿನ ಸಾಲೇ ಇರಲ್ಲ. ಜನ ನನ್ನ ಕೊರಳಪಟ್ಟಿ ಹಿಡೀತಿದಾರೆ."

ಕಟ್ಟಿನ ಸೊಂಟದಲ್ಲಿ ಕಿವಿ ನಿಂತಿತ್ತು. ಎಲ್ಲರೂ ನನ್ನ ಹೆಂಡತಿಯ ಕಡೆ ತಿರುಗಿದರು.

ನಾನು ನೋಡಿದ್ದು ಬುಡದ ಕಡೆ. ದಂಟುಗಳ ತುದಿಯೆಲ್ಲ ಒಂದೇ ಮಟ್ಟದಲ್ಲಿ, ನೀಟಾಗಿ, ಓರೆಯಾಗಿ ಕತ್ತರಿಸಿತ್ತು. ಚಿವುಟಿದ ತುದಿ ಹಾಗಿರುವುದಿಲ್ಲ. ಅದು ಜಜ್ಜಿ, ನಾರು ಬಿಟ್ಟುಕೊಂಡು, ಒಂದು ಗಿಡ್ಡ ಒಂದು ಉದ್ದ ಇರುತ್ತದೆ. ಹೆಂಡತಿಯನ್ನು ನೋಡಿದೆ. ಅವಳೂ ಬುಡವನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಅಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೆ ಬಾಯಿ ತೆರೆಯಬೇಡ ಎಂದು ಹೇಳಲು ಬಾಯಿ ಬೇಕಾಗುವುದಿಲ್ಲ.

ಎರಡು ಬುಟ್ಟಿಯಾಚೆ ದುಡುಕಮ್ಮ ಕೂತಿದ್ದಳು. ಯಾವಾಗಲೂ ಎಲ್ಲರಿಗಿಂತ ಮೊದಲು ಬಾಯಿ ಹಾಕುವವಳು ಅವತ್ತು ತನ್ನ ಬುಟ್ಟಿಯ ಮೇಲಿನ ಗೋಣಿತಾಟನ್ನು ಎಳೆದು ಮುಚ್ಚಿ, ಅದರ ಅಂಚನ್ನು ಒತ್ತುತ್ತಾ, ಮತ್ತೆ ಮತ್ತೆ ಒತ್ತುತ್ತಾ ಇದ್ದಳು.

"ನಂದು" ಎಂದಳು ನನ್ನ ಹೆಂಡತಿ.

ದರ್ಜಿ ಮುಂದೆ ಬಂದ. ಬಟ್ಟೆ ಹೊಲಿಯುವವನಾದರೂ ಅವನ ಅಂಗಿಯ ಒಂದು ಗುಂಡಿ ತನ್ನ ಕಾಜ ತಪ್ಪಿ ಪಕ್ಕದ ಕಾಜದಲ್ಲಿತ್ತು. "ನಾನು ಜಗಳಕ್ಕೆ ಬಂದಿಲ್ಲಮ್ಮ" ಎಂದ. "ಯಾರ ಕೈಯಿಂದ ಅಂತ ತಿಳ್ಕೊಂಡು ಹೋಗೋಣ ಅಂತ ಬಂದೆ. ನಮ್ಮಮ್ಮ ನಿಮ್ಮ ಬುಟ್ಟಿ ಬಿಟ್ಟು ಬೇರೆ ಕಡೆ ಹೋಗ್ತಿರಲಿಲ್ಲ. ನಿಮ್ಮ ಕೈ ಒಳ್ಳೇದು ಅಂತಿದ್ರು. ನೀವು ನೋಡ್ಲಿಲ್ವಾ?"

"ನೋಡ್ಲಿಲ್ಲಪ್ಪ."

"ಒಂದ್ಸಲನೂ ನೋಡ್ಲಿಲ್ವಾ?"

ಅವನು ಆ ಕಟ್ಟನ್ನು ಮೇಸ್ತ್ರಿಯ ಕೈಯಿಂದ ತೆಗೆದುಕೊಂಡು, ಬಟ್ಟೆಯನ್ನು ಮತ್ತೆ ಸುತ್ತಿ, ಇವಳ ಮುಂದೆ ನೆಲದ ಮೇಲಿಟ್ಟು ಹೊರಟುಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಅವನು ಮರೆಯಾದ ಮೇಲೆ ಬೈಗುಳಕ್ಕೇನೂ ಕೊರತೆಯಾಗಲಿಲ್ಲ. ಕಣ್ಣು ಕುರುಡಾಗಿತ್ತೇನೇ, ಇಷ್ಟು ದಿನ ಮೆರೆದೆಯಲ್ಲ, ನಮ್ಮ ಹೊಟ್ಟೆ ಮೇಲೆ ಹೊಡೆದೆಯಲ್ಲ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ದುಡುಕಮ್ಮ. "ಸಂಬಂಧ ಬೆಳೆಸಿದ್ದಕ್ಕೆ ನಾನು ತಲೆ ಎತ್ತೋ ಹಾಗಿಲ್ವಲ್ಲಪ್ಪ" ಎಂದು ಹಣೆ ಬಡಿದುಕೊಂಡಳು. ಬಡಿದುಕೊಳ್ಳುವಾಗ ನನ್ನ ಕಣ್ಣು ತಪ್ಪಿಸಿದಳು.

ಪೊಲೀಸಿನವರೂ ಮನೆಗೆ ಬಂದು ಕೇಳಿಕೊಂಡು ಹೋದರು. ದರ್ಜಿ ದೂರು ಬೇಡವೆಂದದ್ದರಿಂದ ಅದು ಅಲ್ಲಿಗೆ ನಿಂತಿತು. ಮಾರುಕಟ್ಟೆಯಲ್ಲಿ ನಮ್ಮ ಜಾಗ ಹೋಯಿತು.

ಅವತ್ತು ಮನೆಗೆ ಬಂದು ಅವಳು ಬಚ್ಚಲ ಕಲ್ಲಿನ ಮೇಲೆ ಕೂತಳು. ನಾನು ಬಾಗಿಲಲ್ಲಿ ನಿಂತು ಕೇಳಿದೆ, "ಅದು ನಮ್ಮದಲ್ಲ. ಯಾಕೆ ಒಪ್ಕೊಂಡೆ?"

"ನಮ್ಮದಲ್ಲ ಅಂದ್ರೆ ಯಾರದು? ಹೇಳಿ. ಆ ಗಂಟು ಇನ್ಯಾರಿಗೆ ಬರುತ್ತೆ?"

ನಾನು ಹೊಸ್ತಿಲ ಮೇಲೆ ಕೂತೆ.

"ಅವತ್ತು ನನ್ನ ಬೆರಕೆ ಸೊಪ್ಪು ಬೇಗ ಮುಗಿದೋಗಿತ್ತು" ಎಂದಳು. "ಅಜ್ಜಿ ಬಂದ್ರು. ನಾಳೆ ಬರ್ತೀನಿ ಬಿಡು ಅಂತ ಹೊರಟಿದ್ರು. ನಾನೇ ಕರೆದು ಕೈ ಮಾಡಿ ತೋರಿಸ್ದೆ. ಅಲ್ಲಿ ತಗೊಳ್ಳಿ ಅಜ್ಜಿ, ನನ್ನ ಮಗಳು ಕಟ್ಟಿರೋದು, ಅದೂ ಕಿವಿಗಂಟೇ, ನನ್ನ ಕೈ ಬೇರೆ ಅಲ್ಲ ಅವಳ ಕೈ ಬೇರೆ ಅಲ್ಲ ಅಂದೆ. ಜಂಬಕ್ಕೆ ಅಂದೆ ಕಣ್ರೀ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಕೈ ಚಾಚಿ ಅದನ್ನು ಬಿಗಿ ಮಾಡಿದಳು.

"ಬೀಗಿತಿಗಾದ್ರೂ ಹೇಳೋಣ" ಎಂದೆ.

"ಅವಳಿಗೆ ಗೊತ್ತಿಲ್ಲ ಅಂದ್ಕೊಂಡ್ರಾ? ತನ್ನದೇ ಇರಬಹುದು ಅಂತ ಅವಳಿಗೇ ಭಯ. ಹೋಗಿ ಪಾತಿ ನೋಡಿದ್ರೆ ಗೊತ್ತಾಗಿಬಿಡುತ್ತೆ ಅಂತ ನೋಡೋದೂ ಇಲ್ಲ ಅವಳು. ಹೇಳಿದ್ರೆ ಅವಳು ಯಾರ ಮೇಲೆ ಹಾಕ್ತಾಳೆ? ಕೊಯ್ದವಳು ಯಾರು, ಕಟ್ಟಿದವಳು ಯಾರು?"

"ಮಗಳಿಗಾದ್ರೂ..."

"ಅವಳಿಗಂತೂ ಬೇಡವೇ ಬೇಡ." ಅಷ್ಟು ಗಟ್ಟಿಯಾಗಿ ಅವಳು ನನ್ನ ಹತ್ತಿರ ಎಂದೂ ಮಾತಾಡಿರಲಿಲ್ಲ. "ಹೊಟ್ಟೆಯಲ್ಲಿ ಕೂಸಿದೆ. ನಾನೊಂದು ಜೀವ ತೆಗೆದೆ ಅಂತ ಅವಳು ಬದುಕಿರೋವರೆಗೂ ಹೊರಬೇಕಾ? ಅವಳ ಮುಖ ನಿಮಗೆ ಗೊತ್ತಲ್ಲ, ಏನನ್ನೂ ಒಳಗೆ ಇಟ್ಕೊಳ್ಳೋಕೆ ಬರಲ್ಲ. ಒಡೆದು ಹೋಗ್ತಾಳೆ. ನಾನಾದ್ರೆ ಮುದುಕಿ. ಹೇಗೋ ಆಗುತ್ತೆ. ಅವಳಿಗೆ ಗೊತ್ತಾಗಬಾರದು. ನನ್ನ ಮೇಲೆ ಆಣೆ."

ನಾನು ಹೂಂ ಎಂದೆ.

ನಮ್ಮ ಪಾತಿಗಳಲ್ಲಿ ಸೊಪ್ಪು ಕೊಯ್ಲಿಗೆ ಬಂದು ನಿಂತಿತ್ತು. ಕೊಳ್ಳುವವರಿಲ್ಲ. ಕೆಲವು ದಿನ ನಾವೇ ಬೇಯಿಸಿ ತಿಂದೆವು. ಆಮೇಲೆ ಅವಳಿಗೆ ತಿನ್ನಲು ಮನಸ್ಸಾಗಲಿಲ್ಲ. ದಂಟು ಬಲಿತು ಹೂಗೊಂಚಲು ಎತ್ತಿತು. ದಂಡೆಯ ಮೇಲೆ ಹೋಗುವ ಹೆಂಗಸರು ಮೊದಲಿನ ಹಾಗೆ ನಿಂತು "ಏನಕ್ಕಾ ಇವತ್ತು ಅಡಿಗೆ" ಎನ್ನುತ್ತಿರಲಿಲ್ಲ. ಬಾಗು ಬಂದಾಗ ಸುಮ್ಮನೆ ಸೆರಗು ಸರಿಮಾಡಿಕೊಂಡು ಹೆಜ್ಜೆ ಬೇಗ ಹಾಕುತ್ತಿದ್ದರು. ಉಳಿದವರ ವ್ಯಾಪಾರ ನಿಧಾನಕ್ಕೆ ಮೊದಲಿನ ಹಾಗಾಯಿತು. ಜನಕ್ಕೆ ಒಂದು ಬುಟ್ಟಿ ತೋರಿಸಿಬಿಟ್ಟರೆ ಸಾಕು, ಉಳಿದ ಬುಟ್ಟಿಗಳ ಮೇಲೆ ನಂಬಿಕೆ ಬಂದುಬಿಡುತ್ತದೆ.

ಒಂದು ಮಧ್ಯಾಹ್ನ ಮಗಳು ಬಂದಳು. ಒಳಗೆ ಬರಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ನಿಂತಳು. ಹೊಟ್ಟೆ ಕಾಣುವಷ್ಟು ಮುಂದೆ ಬಂದಿತ್ತು, ಮುಖ ಬಾಡಿತ್ತು.

"ಕೂತ್ಕೋ ಬಾ, ಬಿಸಿಲಲ್ಲಿ ಬಂದಿದೀಯ" ಎಂದಳು ತಾಯಿ.

"ಕೂತ್ಕೊಳ್ಳೋಕೆ ಬಂದಿಲ್ಲ. ಅಮ್ಮ, ನಿನಗೇನಾಗಿತ್ತು ಅವತ್ತು? ನನಗೆ ಒಂದು ಎಲೆ ತಪ್ಪಿದ್ರೆ ಕೈ ಮೇಲೆ ಹೊಡೀತಿದ್ದೆ. ಮೂಸಿ ನೋಡು, ಮೂಸಿ ನೋಡು ಅಂತ ಪ್ರಾಣ ತಿಂತಿದ್ದೆ. ನೀನು ಮೂಸಿ ನೋಡ್ಲಿಲ್ವಾ?"

"ವಯಸ್ಸಾಯ್ತಲ್ಲೇ."

"ವಯಸ್ಸಾಯ್ತು ಅಂದ್ರೆ ಆಯ್ತಾ? ಒಂದು ಜೀವ ಹೋಯ್ತಲ್ಲಮ್ಮ. ನಮ್ಮತ್ತೆ ದಿನಾ ಆಡ್ತಾರೆ. ವಿಷದ ಬುಟ್ಟಿ ಮನೆಯಿಂದ ಹೆಣ್ಣು ತಂದೆ ಅಂತಾರೆ. ಕಿವಿಗಂಟು ಹಾಕಬೇಡ, ಆ ಗಂಟು ನೋಡಿದ್ರೆ ಜನ ಓಡಿಹೋಗ್ತಾರೆ ಅಂತ ನಿಲ್ಲಿಸಿಬಿಟ್ಟಿದಾರೆ. ನಾನು ಯಾವ ಮುಖ ಇಟ್ಕೊಂಡು ತಿರುಗಿ ಮಾತಾಡ್ಲಿ?"

ತಾನೂ ಅದೇ ಗಂಟು ಹಾಕಿದ್ದೆ ಎಂಬುದು ಅವಳ ತಲೆಗೆ ಹೋಗಲೇ ಇಲ್ಲ. ಹೇಗೆ ಹೋದೀತು? ತಾಯಿ ತನ್ನ ಬಾಯಿಂದ ಒಪ್ಪಿಕೊಂಡಾಗಿತ್ತು. ತನ್ನ ಕೈಯ ಕಟ್ಟನ್ನು ಗುರುತಿಸಲಾರದವಳಲ್ಲ ತಾಯಿ ಎಂದು ಮಗಳಿಗೆ ಚೆನ್ನಾಗಿ ಗೊತ್ತು.

"ನಿನ್ನ ಪಾತೀನೂ ಒಂದ್ಸಲ ನೋಡ್ಕೊಳ್ಳೇ" ಎಂದಳು ಇವಳು, ಏನೂ ಆಗಿಲ್ಲದವರ ಹಾಗೆ. "ಮಳೆ ಆದಮೇಲೆ ಏನೇನೋ ಹುಟ್ಕೊಂಡಿರುತ್ತೆ. ಕುಡಗೋಲು ಹಾಕೋ ಮುಂಚೆ ಬಗ್ಗಿ ನೋಡು."

ಮಗಳ ಮುಖ ಕೆಂಪೇರಿತು. "ನಮ್ಮ ಪಾತೀಲಿ ಯಾಕಿರುತ್ತೆ? ನಿನ್ನ ತಪ್ಪಿಗೆ ಜೊತೆ ಹುಡುಕಬೇಡಮ್ಮ."

ತಿರುಗಿ ಹೊರಟೇಬಿಟ್ಟಳು. ತಾಯಿ ತಂದಿಟ್ಟಿದ್ದ ನೀರಿನ ಲೋಟ ಜಗುಲಿಯ ಮೇಲೆ ಹಾಗೇ ಇತ್ತು. ನಾನು ಅವಳ ಹಿಂದೆ ಹೋಗಲು ಎದ್ದೆ. ಇವಳು ನನ್ನ ತೋಳು ಹಿಡಿದಳು. ಬಿಡಲಿಲ್ಲ.

"ಒಳ್ಳೇದಾಯ್ತು" ಎಂದಳು. "ಅವಳಿಗೆ ಅನುಮಾನ ಇಲ್ಲ."

ಆದರೆ ಆ ಮಾತಿನಿಂದ ನಮ್ಮಿಬ್ಬರಿಗೂ ನೆಮ್ಮದಿ ಸಿಗಲಿಲ್ಲ. ದುಡುಕಮ್ಮ ಹೋದ ಬೇಸಿಗೆಯಲ್ಲಿ ಇಟ್ಟಿಗೆ ಗೂಡಿನ ಹಿಂದಿನ ತಿಪ್ಪೆಯಿಂದ ಗೊಬ್ಬರ ಹೊಡೆಸಿದ್ದಳು. ಪುಕ್ಕಟೆ ಸಿಗುತ್ತದೆಂದು ಹೊಡೆಸಿದಳು. ಆ ತಿಪ್ಪೆಯ ಸುತ್ತ ದತ್ತೂರಿ ಆಳೆತ್ತರ ನಿಂತಿರುವುದನ್ನು ನಾನೇ ನೋಡಿದ್ದೇನೆ. ಬೀಜ ಒಂದು ಸಲಕ್ಕೆ ಹುಟ್ಟಿ ಮುಗಿಯುವುದಿಲ್ಲ. ಕುಡಗೋಲು ಹಾಕಿದ ಗಿಡ ಸಾಯುವುದೂ ಇಲ್ಲ, ಎರಡು ಕವಲಾಗಿ ಮತ್ತೆ ಚಿಗುರುತ್ತದೆ. ಗಣಿಕೆ ಇನ್ನೊಂದು ಕೊಯ್ಲಿಗೆ ಬರುತ್ತಿತ್ತು. ನಮ್ಮವಳು ತಪ್ಪು ತನ್ನದೆಂದು ಹೇಳಿದ್ದರಿಂದ ಜನ ನಮ್ಮ ಪಾತಿಗಳನ್ನು ಮಾತ್ರ ಬಗ್ಗಿ ನೋಡಿದ್ದರು. ಅಲ್ಲಿ ಏನೂ ಇರಲಿಲ್ಲ. ಇದ್ದ ಕಡೆ ಯಾರೂ ನೋಡಿರಲಿಲ್ಲ.

"ಇನ್ನೊಬ್ಬರು ಯಾರಾದ್ರೂ ತಿಂದ್ರೆ?" ಎಂದಳು ಹೆಂಡತಿ. ಊಟಕ್ಕೆ ಕೂತವಳು ತುತ್ತು ಎತ್ತಲಿಲ್ಲ. "ಅವಳೇ ತಿಂದ್ರೆ?"

"ನಾನು ಹೋಗಿ ಕಿತ್ತು ಬರ್ತೀನಿ."

"ಬೀಗಿತಿ ನೋಡಿದ್ರೆ ನೆಡೋಕೆ ಬಂದ್ರಿ ಅಂತಾಳೆ."

"ಅವಳು ಮಾರುಕಟ್ಟೆಗೆ ಹೋದಾಗ ಹೋಗ್ತೀನಿ. ಅಳಿಯ ಗಾಡಿ ಹೊಡೆಯೋಕೆ ಹೋಗಿರ್ತಾನೆ. ಮಗಳು ಆ ಹೊತ್ತಿಗೆ ಮಲಗಿರ್ತಾಳೆ."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಬೇರು ಸಮೇತ ಕೀಳಿ" ಎಂದಳು.

ಬಿಸಿಲು ನೆತ್ತಿಗೆ ಬಂದಿದ್ದಾಗ ಒಂದು ಗೋಣಿಚೀಲ ಹಿಡಿದು ಹೋದೆ. ಬಾಗು ತಿರುಗಿ, ಬೀಗರ ಬೇಲಿಯ ಸಂದಿನಿಂದ ನುಸುಳಿ ಗಣಿಕೆಯ ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತೆ. ಹುಡುಕಬೇಕಾಗಲೇ ಇಲ್ಲ. ಪಾತಿಯ ನಡುವೆ ಗಣಿಕೆಗಿಂತ ಗೇಣುದ್ದ ಮೇಲೆ ಅಲ್ಲೊಂದು ಇಲ್ಲೊಂದು ಎದ್ದು ನಿಂತಿದ್ದವು. ಕೆಲವು ಹೊಸ ಸಸಿಗಳು. ಕೆಲವು ಕತ್ತರಿಸಿದ ಬುಡದಿಂದ ಕವಲೊಡೆದವು. ಎಲೆ ಹಿಸುಕಿದರೆ ಅದೇ ಹಳಸಲು ವಾಸನೆ. ಒಂದೊಂದನ್ನೇ ಅಲ್ಲಾಡಿಸಿ, ಬೇರು ತುಂಡಾಗದ ಹಾಗೆ ಎಳೆದು, ಮಣ್ಣು ಕೊಡವಿ ಚೀಲಕ್ಕೆ ಹಾಕುತ್ತಾ ಹೋದೆ. ಮಂಡಿ ನೋಯುತ್ತಿತ್ತು. ಕೊನೆಯ ಸಾಲು ಉಳಿದಿತ್ತು.

"ಅಪ್ಪಾ?"

ಮಗಳು ಬಿಂದಿಗೆ ಹಿಡಿದು ಬದುವಿನ ಮೇಲೆ ನಿಂತಿದ್ದಳು.

"ನೀನಿಲ್ಲೇನು ಮಾಡ್ತಿದೀಯ?"

"ಕಳೆ ಕೀಳ್ತಿದೀನಿ ಮಗಾ. ಹಸುವಿಗೆ."

"ಯಾವ ಹಸು?"

ನಮ್ಮ ಮನೆಯಲ್ಲಿ ಹಸು ಇದ್ದದ್ದು ಅವಳು ಹುಟ್ಟುವ ಮೊದಲು. ಅವಳು ಬಿಂದಿಗೆ ಇಳಿಸಿ ಬಂದು ಚೀಲದ ಬಾಯಿ ಅಗಲಿಸಿ ನೋಡಿದಳು. ಕೈ ಹಾಕಿ ಒಂದು ಗಿಡ ಎತ್ತಿದಳು. ಅದರ ಬಣ್ಣ, ಅದರ ವಾಸನೆ. ಅವಳ ಮುಖ ಬಿಗಿಯಿತು.

"ತಂದು ನೆಡೋಕೆ ಬಂದ್ಯಾ? ಅಮ್ಮನ ತಪ್ಪನ್ನ ನಮ್ಮ ತಲೆಗೆ ಕಟ್ಟೋಕೆ? ಅವಳು ಕಳಿಸಿದ್ಲಾ? ಹೇಳಪ್ಪ!"

"ಹೂಂ" ಎಂದಿದ್ದರೆ ಆಗಿಬಿಡುತ್ತಿತ್ತು. ಅವಳು ನನ್ನನ್ನು ಬೈಯುತ್ತಿದ್ದಳು, ಊರಿಗೆಲ್ಲ ಹೇಳುತ್ತಿದ್ದಳು, ಅಪ್ಪ ಅಮ್ಮ ಇಬ್ಬರೂ ಕೆಟ್ಟವರೆಂದು ಅಂದುಕೊಂಡು ನೆಮ್ಮದಿಯಾಗಿ ಇರುತ್ತಿದ್ದಳು. ಹಾಗೆ ಹೇಳಬೇಕೆಂದು ನನಗೆ ಹೊಳೆದದ್ದು ಮನೆ ಮುಟ್ಟಿದ ಮೇಲೆ. ಆಗ ಮಾತ್ರ ಮಣ್ಣು ಹತ್ತಿದ ಕೈ ಮುಂದಿಟ್ಟುಕೊಂಡು ಕೂತಿದ್ದೆ.

ಅವಳು ಪಾತಿಯ ಕಡೆ ನೋಡಿದಳು. ಸಾಲುದ್ದಕ್ಕೂ ಗಿಡ ಕಿತ್ತ ಗುಳಿಗಳು, ಹಸಿ ಮಣ್ಣು. ನೆಡುವವನು ಗುಳಿಗಳನ್ನು ಖಾಲಿ ಬಿಟ್ಟು ಗಿಡಗಳನ್ನು ಚೀಲಕ್ಕೆ ಹಾಕಿಕೊಳ್ಳುವುದಿಲ್ಲ. ಅವಳ ಕಣ್ಣು ಗುಳಿಯಿಂದ ಗುಳಿಗೆ ಹೋಗಿ ಕೊನೆಯ ಸಾಲಿಗೆ ಬಂದು ನಿಂತಿತು. ಅಲ್ಲಿ ಉಳಿದಿದ್ದ ಒಂದು ದತ್ತೂರಿಯ ಮುಂದೆ ಅವಳು ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಕೂತಳು. ಹಳೆಯ ಬುಡ ಓರೆಯಾಗಿ ಕತ್ತರಿಸಿತ್ತು, ಕತ್ತರಿಸಿದ ಕಡೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಎರಡೂ ಪಕ್ಕ ಹೊಸ ಕವಲು ಬಂದಿತ್ತು. ಆ ಪಾತಿಗೆ ಹೋದ ಕೊಯ್ಲಿನಲ್ಲಿ ಕುಡಗೋಲು ಹಾಕಿದವಳು ಅವಳೇ. ಹೆಬ್ಬೆರಳನ್ನು ಆ ಓರೆಯ ಮೇಲೆ ಇಟ್ಟು ಹಾಗೇ ಇದ್ದಳು.

"ಅಪ್ಪ" ಎಂದಳು. ದನಿ ಅವಳದಾಗಿರಲಿಲ್ಲ. "ಆ ದರ್ಜಿ ತಂದಿದ್ನಲ್ಲ ಕಟ್ಟು. ಬುಡ ಹೇಗಿತ್ತು?"

ನಾನು ಚೀಲದ ಬಾಯಿ ಮಡಚಿದೆ.

"ಚಿವುಟಿದ್ದಾ, ಕೊಯ್ದದ್ದಾ?"

"ಬಿಡು ಮಗಾ. ಎದ್ದೇಳು, ಬಿಸಿಲು."

"ಕೊಯ್ದದ್ದು" ಎಂದಳು, ತನಗೆ ತಾನೇ. ಕಾಲುವೆಯಲ್ಲಿ ನೀರು ಹೋಗುವ ಸದ್ದು ಒಂದೇ. "ಅಮ್ಮಂಗೆ ಗೊತ್ತಾ?"

ತಲೆ ಆಡಿಸಿದೆ.

"ಅವತ್ತೇ ಗೊತ್ತಿತ್ತಾ?"

"ಹೂಂ."

"ನಾನು ಬಂದು ಬೈದ್ನಲ್ಲ, ಆವಾಗ್ಲೂ?"

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಹೇಳುತ್ತಿದ್ದೆನೇನೋ. ಆ ಗಿಡದ ಬುಡಕ್ಕೆ ಎರಡೂ ಕೈ ಹಾಕಿ ಎಳೆದಳು. ಬಂದ ಬೇರನ್ನು ಮಣ್ಣು ಕೊಡವದೆಯೇ ಚೀಲಕ್ಕೆ ಹಾಕಿದಳು. ಉಳಿದ ಸಾಲನ್ನು ಕೂತಲ್ಲೇ ಸರಿಯುತ್ತಾ, ಗಣಿಕೆಯ ಪ್ರತಿ ಕುಡಿಯನ್ನೂ ಹಿಡಿದು, ಮೂಸಿ, ಬಿಟ್ಟು, ಮುಂದಿನದನ್ನು ಹಿಡಿದು, ಮುಗಿಸಿದಳು. ನಾನು ಎಬ್ಬಿಸಲು ಕೈ ಕೊಟ್ಟೆ. ನನ್ನ ಕೈ ಹಿಡಿಯದೆ ನೆಲಕ್ಕೆ ಊರಿ ತಾನೇ ಎದ್ದಳು.

"ನೀನು ಹೋಗು. ಅತ್ತೆ ಬರೋ ಹೊತ್ತಾಯ್ತು" ಎಂದಳು. ಬಿಂದಿಗೆ ಎತ್ತಿಕೊಂಡಳು. "ನಾನು ನೋಡ್ದೆ ಅಂತ ಅಮ್ಮಂಗೆ ಹೇಳಬೇಡ. ಅವಳು ಎಲ್ಲ ಕಳ್ಕೊಂಡಿರೋದು ಇದಕ್ಕೇ ತಾನೇ. ಇದೊಂದಾದ್ರೂ ಉಳೀಲಿ ಅವಳಿಗೆ."

ಚೀಲವನ್ನು ದಾರಿಯಲ್ಲಿ ಒಂದು ಒಣ ಗುಂಡಿಗೆ ಸುರಿದು ಬೆಂಕಿ ಹಾಕಿದೆ. ಹಸಿ ಗಿಡ ಹೊಗೆಯಾಡಿತೇ ಹೊರತು ಬೇಗ ಉರಿಯಲಿಲ್ಲ.

ಹೆಂಡತಿ ಜಗುಲಿಯ ಮೇಲೆ ಕಾಯುತ್ತಿದ್ದಳು. "ಎಲ್ಲ ಬಂತಾ?"

"ಬಂತು."

"ಬೇರು ಸಮೇತ?"

"ಬೇರು ಸಮೇತ."

"ಅವಳು ನೋಡ್ಲಿಲ್ಲ ತಾನೇ?"

"ಮಲಗಿದ್ಲು" ಎಂದೆ.

ಅವಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಅವಳ ಭುಜ ಇಳಿದದ್ದು ನನಗೆ ಕಾಣಿಸಿತು. ಸುದ್ದಿ ಬಂದ ದಿನದಿಂದ ಅವಳು ಅಷ್ಟು ಸಡಿಲವಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. "ಸದ್ಯ" ಎಂದಳು.

ನಮ್ಮ ಪಾತಿಗಳನ್ನು ಅಗೆದು ಮೇವಿನ ಹುಲ್ಲು ಹಾಕಿದೆವು. ಗಾಡಿಯವನು ಬಂದು ಕೊಯ್ದುಕೊಂಡು ಹೋಗುತ್ತಾನೆ. ಹುಲ್ಲನ್ನು ಯಾರು ಕಟ್ಟಿದರೆಂದು ದನ ಕೇಳುವುದಿಲ್ಲ. ಮಗಳಿಗೆ ಗಂಡು ಕೂಸು ಹುಟ್ಟಿತು. ನೋಡಲು ನಾವು ಹೋದಾಗ ಅವಳು ಕೂಸನ್ನು ತಾಯಿಯ ಮಡಿಲಿಗೆ ಹಾಕಿ, ನೀರು ತರುತ್ತೇನೆಂದು ಒಳಗೆ ಹೋದವಳು ನಾವು ಹೊರಡುವ ತನಕ ಹೊರಗೆ ಬರಲಿಲ್ಲ. ದುಡುಕಮ್ಮ ನನ್ನನ್ನು ಬಾಗಿಲ ತನಕ ಕಳಿಸಲು ಬಂದು ಮೆಲ್ಲಗೆ ಹೇಳಿದಳು, "ನಿಮ್ಮ ಮಗಳು ಈಗ ಸೊಪ್ಪು ಮುಟ್ಟೋದೇ ಇಲ್ಲ ಬೀಗರೇ. ಕೊಯ್ಯೋದಿಲ್ಲ, ಕಟ್ಟೋದಿಲ್ಲ, ತಟ್ಟೆಗೆ ಬಡಿಸಿದ್ರೂ ಪಕ್ಕಕ್ಕೆ ತಳ್ತಾಳೆ. ನೀವಾದ್ರೂ ಒಂದು ಮಾತು ಹೇಳಿ." ಹೇಳುವಾಗ ಅವಳೂ ನೆಲ ನೋಡುತ್ತಿದ್ದಳು. ಅವಳಿಗೆ ಎಷ್ಟು ಗೊತ್ತು ಎಂದು ನಾನು ಇಂದಿಗೂ ಕೇಳಿಲ್ಲ.

ಬಾಗು ತಿರುಗಿದರೆ ಮನೆ. ಆದರೂ ಮಗಳು ತವರಿಗೆ ಬರಲಿಲ್ಲ. ಕೂಸು ನಡೆಯುವಂತಾಯಿತು, ಮಾತಾಡುವಂತಾಯಿತು. ಅಳಿಯನೇ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ತೋರಿಸಿ ಹೋಗುತ್ತಿದ್ದ. ನನ್ನ ಹೆಂಡತಿ ಮೊಮ್ಮಗನ ತಲೆ ನೇವರಿಸಿ, ಕೈಗೆ ತಿನ್ನಲು ಏನಾದರೂ ಕೊಟ್ಟು, ಅವರು ದಂಡೆಯ ಮೇಲೆ ಮರೆಯಾಗುವ ತನಕ ನಿಂತು ನೋಡಿ ಒಳಗೆ ಬರುತ್ತಿದ್ದಳು.

"ಇನ್ನೂ ಕೋಪ ಅವಳಿಗೆ ನನ್ನ ಮೇಲೆ" ಎನ್ನುತ್ತಿದ್ದಳು. "ಇರಲಿ ಬಿಡಿ. ಕೋಪ ಮಾಡ್ಕೊಂಡೇ ಇರಲಿ. ಗೊತ್ತಿಲ್ವಲ್ಲ, ಅಷ್ಟು ಸಾಕು."

ನಾನು ಹೂಂ ಎನ್ನುತ್ತಿದ್ದೆ.